‘ಪ್ರಗತಿಯಲ್ಲಿದೆ’ ಸರಿ, ಯಾವತ್ತಿನಿಂದ?

ಮಾನ್ಯ ಸಂಪಾದಕರೇ,

ಜಿಲ್ಲಾ ಪುಟದಲ್ಲಿ ಕಾಮಗಾರಿಗಳ ಸುದ್ದಿ ಬಂದಾಗಲೆಲ್ಲ ಕೊನೆಗೊಂದು ಲೆಕ್ಕ ಇರುತ್ತದೆ: ಇಷ್ಟು ಮುಗಿದಿವೆ, ಇಷ್ಟು ಪ್ರಗತಿಯಲ್ಲಿವೆ, ಇಷ್ಟು ಟೆಂಡರ್ ಹಂತದಲ್ಲಿವೆ. 2016ರಲ್ಲಿ ಸ್ಮಾರ್ಟ್ ಸಿಟಿಯ ಮೊದಲ ಪಟ್ಟಿಗೆ ದಾವಣಗೆರೆ ಸೇರಿದಾಗಿನಿಂದ ಇಂಥ ಲೆಕ್ಕ ಓದುವುದು ಊರಿನವರಿಗೆ ರೂಢಿಯಾಗಿಬಿಟ್ಟಿದೆ. ತುಮಕೂರು–ದಾವಣಗೆರೆ ನೇರ ರೈಲು ಮಾರ್ಗದ ಸುದ್ದಿಯಲ್ಲೂ ಅದೇ ಪದ, ಭದ್ರಾ ಮೇಲ್ದಂಡೆಯ ಸುದ್ದಿಯಲ್ಲೂ ಅದೇ ಪದ. ನಿನ್ನೆ ಗುದ್ದಲಿ ಪೂಜೆ ಆದ ಕೆಲಸವೂ ‘ಪ್ರಗತಿಯಲ್ಲಿದೆ’, ವರ್ಷಗಟ್ಟಲೆ ಅಗೆದ ಗುಂಡಿ ಹಾಗೇ ಬಿದ್ದಿರುವ ಕೆಲಸವೂ ‘ಪ್ರಗತಿಯಲ್ಲಿದೆ’. ಆ ಸ್ಥಿತಿಗೆ ಕೆಲಸ ಯಾವ ದಿನ ಬಂತು ಎಂಬುದನ್ನು ಬರೆಯದಿದ್ದರೆ ಪಟ್ಟಿ ಓದಿದವರಿಗೆ ಏನೂ ತಿಳಿಯುವುದಿಲ್ಲ.

ಇದಕ್ಕೆ ಅಧಿಕಾರಿಗಳ ಉದಾಸೀನವನ್ನು ಬೈದು ಕೈ ತೊಳೆದುಕೊಳ್ಳಬಹುದು. ಆದರೆ ದಿನಾಂಕ ಕೇಳಿದರೆ ಎಷ್ಟೋ ಕಡೆ ಅದು ನಿಜವಾಗಿಯೂ ಅವರ ಬಳಿ ಇರುವುದಿಲ್ಲ. ಎಕ್ಸೆಲ್ ಹಾಳೆಯಲ್ಲಿ ‘ಸ್ಟೇಟಸ್’ ಅಂತ ಒಂದೇ ಕಾಲಂ. ಹೊಸದು ಬರೆದ ಕ್ಷಣ ಹಳೆಯದು ಅಳಿದುಹೋಗುತ್ತದೆ. ಕಚೇರಿಗಳಲ್ಲಷ್ಟೇ ಅಲ್ಲ, ಗುತ್ತಿಗೆದಾರರ ಲೆಕ್ಕದ ಕೋಣೆಯಲ್ಲೂ, ಊರಿನ ಸಣ್ಣ ಸಾಫ್ಟ್‌ವೇರ್ ಕಂಪನಿಗಳಲ್ಲೂ, ಎಂಜಿನಿಯರಿಂಗ್ ಕಾಲೇಜಿನ ಪ್ರಾಜೆಕ್ಟ್ ತಂಡಗಳಲ್ಲೂ ಇದೇ ಕಥೆ. ದುಡ್ಡು ಕೊಟ್ಟು ಪ್ರಾಜೆಕ್ಟ್ ನಿರ್ವಹಣೆಯ ತಂತ್ರಾಂಶ ತಂದವರೂ ಅದರೊಳಗೆ ಇರುವ ಇತಿಹಾಸವನ್ನು ತೆಗೆದು ನೋಡುವುದಿಲ್ಲ. ಹಾಗಾಗಿ ಸ್ಥಿತಿ ಬದಲಾದ ದಿನವನ್ನು ಹಿಡಿದಿಡುವುದು ಹೇಗೆ, ಎಲ್ಲಿ ತಪ್ಪುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ. ಪತ್ರ ಉದ್ದವಾದರೆ ಕ್ಷಮೆ ಇರಲಿ.

ಲೋಕೋಪಯೋಗಿ ಕೆಲಸ ಬಲ್ಲವರಿಗೆ ಅಳತೆ ಪುಸ್ತಕ, ಅಂದರೆ ಎಂ.ಬಿ., ಹೊಸದಲ್ಲ. ಅದರಲ್ಲಿ ಬರೆದದ್ದನ್ನು ಉಜ್ಜಿ ಅಳಿಸುವಂತಿಲ್ಲ. ತಪ್ಪಾಗಿದ್ದರೆ ಅದರ ಮೇಲೆ ಗೆರೆ ಎಳೆದು, ಸರಿಯಾದ ಅಂಕಿ ಬರೆದು, ದಿನಾಂಕ ಹಾಕಿ ಸಹಿ ಮಾಡಬೇಕು. ಸ್ಥಿತಿಯ ದಾಖಲೆಗೂ ಇದೇ ನಿಯಮ ಸಾಕು. ಕೆಲಸಗಳ ಪಟ್ಟಿ ಒಂದು ಹಾಳೆಯಲ್ಲಿರಲಿ, ಅದರಲ್ಲಿ ಈಗಿನ ಸ್ಥಿತಿ ಮಾತ್ರ ಇರಲಿ. ಇನ್ನೊಂದು ಹಾಳೆ ಬದಲಾವಣೆಗಳದ್ದು. ಸ್ಥಿತಿ ಒಮ್ಮೆ ಬದಲಾದರೆ ಅಲ್ಲಿ ಒಂದು ಸಾಲು ಕೆಳಗೆ ಸೇರುತ್ತದೆ, ಮೇಲಿನ ಸಾಲನ್ನು ಯಾರೂ ಮುಟ್ಟುವುದಿಲ್ಲ. ಆ ಸಾಲಿನಲ್ಲಿ ಕೆಲಸದ ಸಂಖ್ಯೆ, ಹಿಂದಿನ ಸ್ಥಿತಿ, ಹೊಸ ಸ್ಥಿತಿ, ಬದಲಾವಣೆ ಸ್ಥಳದಲ್ಲಿ ನಡೆದ ದಿನ, ಅದನ್ನು ದಾಖಲಿಸಿದ ದಿನ ಮತ್ತು ಗಂಟೆ, ದಾಖಲಿಸಿದವರು, ಷರಾ ಎಂದು ಏಳು ಕಾಲಂ ಇದ್ದರೆ ಧಾರಾಳ.

ಕೆಲಸದ ಸಂಖ್ಯೆ ಬಗ್ಗೆ ಒಂದು ಎಚ್ಚರಿಕೆ. ಹಾಳೆಯ ಸಾಲಿನ ಸಂಖ್ಯೆಯನ್ನೇ ಕೆಲಸದ ಸಂಖ್ಯೆ ಅಂದುಕೊಳ್ಳಬಾರದು. ಯಾರೋ ಒಬ್ಬರು ವಾರ್ಡ್ ಪ್ರಕಾರ ಪಟ್ಟಿಯನ್ನು ಸಾರ್ಟ್ ಮಾಡಿದರೆ 14ನೇ ಸಾಲಿನ ಚರಂಡಿ 52ನೇ ಸಾಲಿಗೆ ಹೋಗಿರುತ್ತದೆ, ಅದರ ಹಳೆಯ ಇತಿಹಾಸವೆಲ್ಲ ಬೇರೊಂದು ಬೀದಿದೀಪಕ್ಕೆ ಅಂಟಿಕೊಳ್ಳುತ್ತದೆ. ಕೆಲಸ ಹುಟ್ಟಿದ ದಿನವೇ ಒಂದು ಖಾಯಂ ಸಂಖ್ಯೆ ಕೊಟ್ಟು, ಕೆಲಸ ರದ್ದಾದರೂ ಆ ಸಂಖ್ಯೆಯನ್ನು ಮತ್ತೆ ಬಳಸಬಾರದು.

ಈ ಏಳು ಕಾಲಂ ಇದ್ದರೆ ಏನು ಕಾಣುತ್ತದೆ ಎಂಬುದಕ್ಕೆ ಒಂದು ಕಲ್ಪಿತ ಚರಂಡಿ ದುರಸ್ತಿಯನ್ನು ತೆಗೆದುಕೊಳ್ಳೋಣ. ಜೂನ್ 3ಕ್ಕೆ ದಾಖಲಾಯಿತು. 5ಕ್ಕೆ ಕೆಲಸ ಶುರು, ಸ್ಥಿತಿ ‘ಪ್ರಗತಿಯಲ್ಲಿ’. 9ಕ್ಕೆ ಪೈಪ್ ಬಂದಿಲ್ಲವೆಂದು ‘ತಡೆ’. 23ಕ್ಕೆ ಪೈಪ್ ಬಂದು ಮತ್ತೆ ‘ಪ್ರಗತಿಯಲ್ಲಿ’. 26ಕ್ಕೆ ‘ಪರಿಶೀಲನೆಗೆ’. ಜುಲೈ 4ಕ್ಕೆ ಎಂಜಿನಿಯರ್ ಬಂದು ನೋಡಿ ಇಳಿಜಾರು ಸರಿಯಿಲ್ಲವೆಂದು ವಾಪಸ್, ಸ್ಥಿತಿ ಮತ್ತೆ ‘ಪ್ರಗತಿಯಲ್ಲಿ’. 5ಕ್ಕೆ ಸರಿಮಾಡಿ ‘ಪರಿಶೀಲನೆಗೆ’. 8ಕ್ಕೆ ‘ಮುಗಿದಿದೆ’.

ಒಟ್ಟು 35 ದಿನ. ಇತಿಹಾಸದ ಸಾಲುಗಳನ್ನು ದಿನಾಂಕದ ಪ್ರಕಾರ ಜೋಡಿಸಿ, ಪ್ರತಿ ಸಾಲಿನ ದಿನವನ್ನು ಅದರ ಮುಂದಿನ ಸಾಲಿನ ದಿನದಿಂದ ಕಳೆಯುತ್ತ ಹೋಗಿ. ದಾಖಲಾಗಿ ಕಾದದ್ದು 2 ದಿನ, ಕೈ ಕೆಲಸ ನಡೆದದ್ದು 4, 3, 1 ಸೇರಿ 8 ದಿನ, ಪೈಪ್‌ಗಾಗಿ ನಿಂತದ್ದು 14 ದಿನ, ಪರಿಶೀಲನೆಗಾಗಿ ಕಾದದ್ದು 8 ಮತ್ತು 3 ಸೇರಿ 11 ದಿನ. ಇನ್ನೂ ಮುಗಿಯದ ಕೆಲಸವಾದರೆ ಕೊನೆಯ ಸಾಲಿನ ಲೆಕ್ಕವನ್ನು ಇವತ್ತಿನ ದಿನದವರೆಗೆ ಹಿಡಿಯಬೇಕು. ಇದನ್ನು ಬಿಟ್ಟು ‘ಶುರುವಾದದ್ದು ಜೂನ್ 5, ಮುಗಿದದ್ದು ಜುಲೈ 8’ ಎಂದಷ್ಟೇ ಬರೆದರೆ 33 ದಿನದ ವಿಳಂಬವೆಲ್ಲ ಮೇಸ್ತ್ರಿಯ ತಲೆಗೆ ಬರುತ್ತದೆ. ಅವನು ದುಡಿದದ್ದು 8 ದಿನ. ಉಳಿದದ್ದು ಉಗ್ರಾಣದ್ದು ಮತ್ತು ಪರಿಶೀಲಿಸುವವರದ್ದು. ವಿಳಂಬಕ್ಕೆ ದಂಡ ಹಾಕುವಾಗ ಗುತ್ತಿಗೆದಾರರೂ ಇಲಾಖೆಯೂ ಜಗಳ ಆಡುವುದು ಈ ಹಂಚಿಕೆಯ ಮೇಲೆಯೇ, ಮತ್ತು ಇಬ್ಬರ ಕೈಯಲ್ಲೂ ಕಾಗದ ಇರುವುದಿಲ್ಲ.

‘ತಡೆ’ ಎಂಬ ಸ್ಥಿತಿಗೆ ಕಾರಣ ಕಡ್ಡಾಯವಾಗಿರಲಿ. ಅದನ್ನು ಬಾಯಿಗೆ ಬಂದಂತೆ ಬರೆಯಲು ಬಿಡದೆ ಆಯ್ಕೆಯ ಪಟ್ಟಿಯಲ್ಲಿ ಕೊಡಬೇಕು: ಜಾಗದ ತಕರಾರು, ಸಾಮಗ್ರಿ ಇಲ್ಲ, ಬಿಲ್ ಬಾಕಿ, ಬೆಸ್ಕಾಂ ಕಂಬ ಅಥವಾ ತಂತಿ ಸ್ಥಳಾಂತರ, ರೈಲ್ವೆ ಅನುಮತಿ, ಮಳೆ, ಚುನಾವಣಾ ನೀತಿ ಸಂಹಿತೆ. ಸ್ಥಿತಿಗಳ ಸಂಖ್ಯೆ ಮಾತ್ರ ಕಡಿಮೆ ಇರಲಿ. ಆರೇಳು ಸಾಕು. ಹದಿನೆಂಟು ಸ್ಥಿತಿ ಮಾಡಿಟ್ಟರೆ ಸೈಟ್‌ನಲ್ಲಿ ಬಿಸಿಲಲ್ಲಿ ನಿಂತ ಕಿರಿಯ ಎಂಜಿನಿಯರ್ ಮೊಬೈಲ್‌ನಲ್ಲಿ ಮೊದಲು ಕಂಡದ್ದನ್ನು ಒತ್ತಿ ಜೇಬಿಗೆ ಹಾಕಿಕೊಳ್ಳುತ್ತಾರೆ.

ಇನ್ನು ಸಿದ್ಧ ತಂತ್ರಾಂಶಗಳ ಮಾತು. ಎಲ್ಲದರಲ್ಲೂ ‘ಅಪ್‌ಡೇಟೆಡ್’ ಎಂಬ ಒಂದು ದಿನಾಂಕ ಇರುತ್ತದೆ, ಜನ ಅದನ್ನೇ ಸ್ಥಿತಿ ಬದಲಾದ ದಿನ ಅಂದುಕೊಳ್ಳುತ್ತಾರೆ. ಯಾರಾದರೂ ಒಂದು ಫೋಟೊ ಸೇರಿಸಿದರೂ, ಒಂದು ಸಾಲಿನ ಷರಾ ಬರೆದರೂ, ಹೆಸರಿನ ಕಾಗುಣಿತ ತಿದ್ದಿದರೂ ಆ ದಿನಾಂಕ ಮುಂದಕ್ಕೆ ಹೋಗುತ್ತದೆ. ಆರು ತಿಂಗಳಿಂದ ನಿಂತ ಕೆಲಸದ ಕೆಳಗೆ ‘ಈ ಕೆಲಸ ಏನಾಯಿತು?’ ಎಂದು ಮೇಲಧಿಕಾರಿ ಕೇಳಿದರೆ ಸಾಕು, ಅದು ‘ಇಂದು ಅಪ್‌ಡೇಟ್ ಆಗಿದೆ’ ಎಂದು ಪಟ್ಟಿಯ ತುದಿಗೆ ಬಂದು ಕೂರುತ್ತದೆ.

ತಂಡದ ಕೆಲಸಗಳ ಜಾಡು ಹಿಡಿಯುವ ‘ಜಿರಾ’ ಎಂಬ ತಂತ್ರಾಂಶದಲ್ಲಿ ಇತಿಹಾಸ ಚೆನ್ನಾಗಿಯೇ ಉಳಿಯುತ್ತದೆ. ಪ್ರತಿ ಟಾಸ್ಕ್‌ನ ‘ಹಿಸ್ಟರಿ’ ಭಾಗದಲ್ಲಿ ಯಾರು, ಯಾವಾಗ, ಯಾವ ಸ್ಥಿತಿಯಿಂದ ಯಾವುದಕ್ಕೆ ಬದಲಿಸಿದರು ಎಂಬುದು ಸಾಲುಸಾಲಾಗಿ ಇರುತ್ತದೆ. ಹುಡುಕುವ ಭಾಷೆಯಲ್ಲಿ ‘ಸ್ಟೇಟಸ್ ಚೇಂಜ್ಡ್’ ಎಂಬ ಷರತ್ತಿಗೆ ‘ಫ್ರಮ್’, ‘ಟು’, ‘ಆಫ್ಟರ್’, ‘ಬೈ’ ಸೇರಿಸಿ ಕಳೆದ ವಾರ ಪರಿಶೀಲನೆಯಿಂದ ವಾಪಸ್ ಬಂದ ಕೆಲಸಗಳನ್ನೆಲ್ಲ ಒಂದೇ ಸಲ ತೆಗೆಯಬಹುದು. ಎಡವುವ ಜಾಗಗಳೂ ಇವೆ. ‘ಸ್ಟೇಟಸ್ ಕೆಟಗರಿ ಚೇಂಜ್ಡ್’ ಎಂಬ ದಿನಾಂಕ ಸಿದ್ಧವಾಗಿ ಸಿಗುತ್ತದೆ, ಆದರೆ ಅದು ಮಾಡಬೇಕು, ನಡೆಯುತ್ತಿದೆ, ಆಯಿತು ಎಂಬ ಮೂರು ದೊಡ್ಡ ಗುಂಪುಗಳ ನಡುವೆ ಕೆಲಸ ದಾಟಿದಾಗ ಮಾತ್ರ ಬದಲಾಗುತ್ತದೆ. ‘ಪ್ರಗತಿಯಲ್ಲಿ’, ‘ತಡೆ’, ‘ಪರಿಶೀಲನೆ’ ಮೂರನ್ನೂ ನಡು ಗುಂಪಿನಲ್ಲೇ ಇಟ್ಟಿದ್ದರೆ ಅವುಗಳ ನಡುವಿನ ಓಡಾಟ ಈ ದಿನಾಂಕಕ್ಕೆ ಕಾಣುವುದೇ ಇಲ್ಲ. ಇನ್ನೊಂದು, ‘ರಿಸಾಲ್ವ್ಡ್’ ದಿನಾಂಕ. ಅದು ಸ್ಥಿತಿಯನ್ನು ನೋಡುವುದಿಲ್ಲ, ‘ರೆಸಲ್ಯೂಷನ್’ ಎಂಬ ಬೇರೆಯೇ ಕಾಲಂ ತುಂಬಿದೆಯೇ ಎಂದು ನೋಡುತ್ತದೆ. ಕೆಲಸ ಮತ್ತೆ ತೆರೆದಾಗ ಆ ಕಾಲಂ ಖಾಲಿ ಮಾಡುವ ವ್ಯವಸ್ಥೆಯನ್ನು ವರ್ಕ್‌ಫ್ಲೋದಲ್ಲಿ, ಅಂದರೆ ಸ್ಥಿತಿ ದಾಟುವ ನಿಯಮಗಳಲ್ಲಿ, ಇಡದಿದ್ದರೆ, ನಡೆಯುತ್ತಿರುವ ಕೆಲಸದ ಮುಂದೆಯೇ ಮುಗಿದ ದಿನಾಂಕ ಕಾಣಿಸುತ್ತದೆ.

ಯಾವುದೇ ಒಂದು ಸ್ಥಿತಿಗೆ ಕೆಲಸ ಬಂದ ದಿನ ಪಟ್ಟಿಯಲ್ಲೇ ಕಾಣಬೇಕು ಅಂದರೆ ಜಿರಾದಲ್ಲೊಂದು ದಿನಾಂಕದ ಕಾಲಂ ಮಾಡಿ, ಆಟೊಮೇಷನ್‌ನಲ್ಲಿ ಕೆಲಸ ಆ ಸ್ಥಿತಿಗೆ ದಾಟಿದಾಗ ಆಗಿನ ಸಮಯವನ್ನು ಅಲ್ಲಿ ತುಂಬುವಂತೆ ನಿಯಮ ಬರೆಯಬೇಕು. ಕೆಲಸ ಅದೇ ಸ್ಥಿತಿಗೆ ಎರಡನೇ ಸಲ ಬಂದರೆ ಹಳೆಯ ದಿನಾಂಕ ಅಳಿದು ಹೊಸದು ಕೂರುತ್ತದೆ. ಮೊದಲ ಸಲದ್ದೇ ಬೇಕೆಂದರೆ ‘ಕಾಲಂ ಖಾಲಿ ಇದ್ದರೆ ಮಾತ್ರ’ ಎಂಬ ಷರತ್ತು ಸೇರಿಸಬೇಕು. ಮೊದಲನೆಯದೋ ಕೊನೆಯದೋ ಎಂಬುದನ್ನು ಮೊದಲೇ ತೀರ್ಮಾನ ಮಾಡಿಕೊಳ್ಳದಿದ್ದರೆ ವರ್ಷದ ಕೊನೆಗೆ ಎರಡು ವರದಿ ಎರಡು ಅಂಕಿ ಹೇಳುತ್ತವೆ. ನನ್ನ ಅಭಿಪ್ರಾಯದಲ್ಲಿ ಗಡುವಿನ ಲೆಕ್ಕಕ್ಕೆ ಕೊನೆಯ ಸಲ ಮುಗಿದ ದಿನ, ದೂರಿಗೆ ಎಷ್ಟು ಬೇಗ ಸ್ಪಂದಿಸಿದರು ಎಂಬುದಕ್ಕೆ ಮೊದಲ ಸಲ ಕೈಗೆತ್ತಿಕೊಂಡ ದಿನ.

ಉಚಿತವಾಗಿ ಸಿಗುವ ರೆಡ್‌ಮೈನ್ ತಂತ್ರಾಂಶ ಬಳಸುವವರಿಗೆ ಬದಲಾವಣೆಗಳು ‘ಜರ್ನಲ್’ ಎಂಬ ಕೋಷ್ಟಕದಲ್ಲಿ ಸಿಗುತ್ತವೆ. ಅದರ ವಿವರದ ಕೋಷ್ಟಕದಲ್ಲಿ ಹಳೆ ಸ್ಥಿತಿ, ಹೊಸ ಸ್ಥಿತಿ ಎರಡೂ ಇರುತ್ತವೆ. ಆದರೆ ಹೆಸರು ಇರುವುದಿಲ್ಲ, ಸ್ಥಿತಿಯ ಅಂಕಿ ಮಾತ್ರ. ಅದನ್ನು ಸ್ಥಿತಿಗಳ ಕೋಷ್ಟಕದ ಜೊತೆ ಜೋಡಿಸಿ ಓದಬೇಕು. ಜಿರಾ ಮತ್ತು ರೆಡ್‌ಮೈನ್ ಎರಡರಲ್ಲೂ ಹೊಸಬರು ಬೀಳುವ ಗುಂಡಿ ಒಂದೇ: ಕೆಲಸ ಹುಟ್ಟಿದಾಗ ಇದ್ದ ಸ್ಥಿತಿ ಇತಿಹಾಸದಲ್ಲಿ ದಾಖಲಾಗುವುದಿಲ್ಲ, ಯಾಕೆಂದರೆ ಅದು ಬದಲಾವಣೆ ಅಲ್ಲ. ಇತಿಹಾಸವನ್ನಷ್ಟೇ ಹೊರತೆಗೆದು ಲೆಕ್ಕ ಹಾಕಿದರೆ ಮೊದಲ ಹಂತದ ಕಾಯುವಿಕೆ ಪೂರ್ತಿ ಕಣ್ಮರೆ. ಕೆಲಸ ಹುಟ್ಟಿದ ದಿನವನ್ನು ಮೊದಲ ಸಾಲಾಗಿ ನಾವೇ ಸೇರಿಸಿ, ಮೊದಲ ಬದಲಾವಣೆಯ ‘ಹಳೆ ಸ್ಥಿತಿ’ಯನ್ನು ಅದಕ್ಕೆ ಕೊಡಬೇಕು. ಒಂದೂ ಬದಲಾವಣೆ ಆಗಿರದಿದ್ದರೆ ಈಗಿನ ಸ್ಥಿತಿಯೇ ಹುಟ್ಟಿನ ಸ್ಥಿತಿ. ಒಂದು ಸಲವೂ ಯಾರೂ ಮುಟ್ಟದ ಕೆಲಸಗಳು ಇತಿಹಾಸದ ಕೋಷ್ಟಕದಲ್ಲಿ ಇರುವುದೇ ಇಲ್ಲ ಎಂಬುದು ಇದರ ಇನ್ನೊಂದು ಮುಖ. ವರದಿಯಿಂದ ಬಿಟ್ಟುಹೋಗುವುದು ಅವೇ, ಎಲ್ಲಕ್ಕಿಂತ ಮುಂಚೆ ಕಾಣಬೇಕಾದದ್ದೂ ಅವೇ.

ಕೆಲಸಗಳನ್ನು ಕಾರ್ಡ್‌ಗಳಾಗಿ ಬೋರ್ಡ್ ಮೇಲೆ ಜೋಡಿಸುವ ಟ್ರೆಲ್ಲೊದಲ್ಲಿ ಕಾರ್ಡ್ ಒಂದು ಪಟ್ಟಿಯಿಂದ ಇನ್ನೊಂದಕ್ಕೆ ಹೋದದ್ದೇ ಸ್ಥಿತಿ ಬದಲಾವಣೆ. ಬೋರ್ಡ್ ಅನ್ನು ಜೇಸನ್ ಎಂಬ ಡೇಟಾ ಕಡತದ ರೂಪದಲ್ಲಿ ಇಳಿಸಿಕೊಂಡರೆ ಇತ್ತೀಚಿನ 1000 ಚಟುವಟಿಕೆಗಳಷ್ಟೇ ಬರುತ್ತವೆ, ದೊಡ್ಡ ಬೋರ್ಡ್ ಆದರೆ ಹಳೆಯದು ಸಿಗದು. ತಿಂಗಳಿಗೊಮ್ಮೆ ಇಳಿಸಿಟ್ಟುಕೊಳ್ಳುವುದು ಕ್ಷೇಮ.

ಮೈಕ್ರೋಸಾಫ್ಟ್ ಪ್ರಾಜೆಕ್ಟ್ ಬಗ್ಗೆ ಮಾತ್ರ ಒತ್ತಿ ಹೇಳಬೇಕು, ದೊಡ್ಡ ಕಾಮಗಾರಿಗಳ ಬಾರ್ ಚಾರ್ಟ್ ಹೆಚ್ಚಾಗಿ ಬರುವುದು ಅದರಿಂದ. ಒಂದು ಕೆಲಸದ ಮುಂದೆ ‘100%’ ಎಂದು ಬರೆದು ನಿಜವಾಗಿ ಮುಗಿದ ದಿನವನ್ನು ತುಂಬದೆ ಬಿಟ್ಟರೆ, ತಂತ್ರಾಂಶ ಯೋಜನೆಯಲ್ಲಿದ್ದ ದಿನವನ್ನೇ ಮುಗಿದ ದಿನ ಎಂದು ಹಾಕಿಕೊಳ್ಳುತ್ತದೆ. 50% ಅಂದರೂ ಅಷ್ಟೇ, ಶುರುವಾಗಬೇಕಿದ್ದ ದಿನವೇ ಶುರುವಾದ ದಿನ ಆಗಿಬಿಡುತ್ತದೆ. ಎರಡು ತಿಂಗಳು ತಡವಾದ ಕೆಲಸ ಕಾಗದದ ಮೇಲೆ ಗಡುವಿಗೆ ಸರಿಯಾಗಿ ಮುಗಿದಂತೆ ಕಾಣುತ್ತದೆ, ಯಾರೂ ಸುಳ್ಳು ಬರೆದಿರುವುದಿಲ್ಲ. ಹಾಗಾಗಿ ‘ಆಕ್ಚುಯಲ್ ಸ್ಟಾರ್ಟ್’, ‘ಆಕ್ಚುಯಲ್ ಫಿನಿಷ್’ ಎರಡನ್ನೂ ಕೈಯಾರೆ ಮೊದಲು ತುಂಬಬೇಕು, ಶೇಕಡಾವಾರು ಆಮೇಲೆ. ಕೆಲಸ ಶುರುವಾಗುವ ಮೊದಲೇ ಬೇಸ್‌ಲೈನ್, ಅಂದರೆ ಮೂಲ ಯೋಜನೆಯ ದಿನಾಂಕಗಳ ನಕಲು, ಉಳಿಸಿಡಬೇಕು. ಒಟ್ಟು 11 ಬೇಸ್‌ಲೈನ್ ಇಡಲು ಅವಕಾಶವಿದೆ, ಗಡುವು ವಿಸ್ತರಣೆ ಆದಾಗೆಲ್ಲ ಹೊಸದನ್ನು ಬೇರೆ ಸಂಖ್ಯೆಯಲ್ಲಿ ಉಳಿಸಿದರೆ ಮೊದಲನೆಯದು ಅಳಿಯುವುದಿಲ್ಲ. ಬಾರ್ ಚಾರ್ಟ್‌ನಲ್ಲಿ ಎಲ್ಲ ಕೆಲಸವೂ ಯೋಜಿಸಿದ ದಿನಕ್ಕೇ ಚಾಚೂ ತಪ್ಪದೆ ಮುಗಿದಿದ್ದರೆ ಮೆಚ್ಚುವ ಮುನ್ನ ಈ ಕಾಲಂಗಳನ್ನು ತೆರೆದು ನೋಡಿ.

ಇಷ್ಟೆಲ್ಲ ಇದ್ದರೂ ನಮ್ಮ ಕಡೆ ಹೆಚ್ಚಿನ ಕೆಲಸ ನಡೆಯುವುದು ಎಕ್ಸೆಲ್ ಮತ್ತು ಗೂಗಲ್ ಶೀಟ್‌ನಲ್ಲಿ. ಅದರಲ್ಲಿ ತಪ್ಪೇನೂ ಇಲ್ಲ. ತಪ್ಪು ಎಲ್ಲಿ ಅಂದರೆ ದಿನಾಂಕದ ಕಾಲಂನಲ್ಲಿ ‘ನೌ’ ಅಥವಾ ‘ಟುಡೇ’ ಎಂಬ ಸೂತ್ರ ಹಾಕುವುದರಲ್ಲಿ. ಹಾಳೆ ತೆರೆದಾಗಲೆಲ್ಲ ಆ ಸೂತ್ರ ಮತ್ತೆ ಲೆಕ್ಕ ಹಾಕಿ ಇವತ್ತಿನ ದಿನವನ್ನೇ ತೋರಿಸುತ್ತದೆ. ಕೈಯಿಂದ ತುಂಬುವುದಾದರೆ ಕಂಟ್ರೋಲ್ ಹಿಡಿದು ಅರ್ಧವಿರಾಮ (;) ಒತ್ತಿದರೆ ಇಂದಿನ ದಿನಾಂಕ, ಜೊತೆಗೆ ಶಿಫ್ಟ್ ಸೇರಿಸಿದರೆ ಈಗಿನ ಗಂಟೆ, ಬದಲಾಗದ ರೂಪದಲ್ಲಿ ಬರುತ್ತದೆ. ಎರಡರಲ್ಲೂ ಇದು ಕೆಲಸ ಮಾಡುತ್ತದೆ.

ತಾನಾಗಿ ದಾಖಲಾಗಬೇಕಾದರೆ ಗೂಗಲ್ ಶೀಟ್‌ನ ಆ್ಯಪ್ಸ್ ಸ್ಕ್ರಿಪ್ಟ್‌ನಲ್ಲಿ ‘ಆನ್‌ಎಡಿಟ್’ ಎಂಬ ಪುಟ್ಟ ಕಾರ್ಯಕ್ರಮ ಬರೆಯಬೇಕು. ಬದಲಾದ ಕೋಶ ಸ್ಟೇಟಸ್ ಕಾಲಂನದ್ದೇ ಎಂದು ನೋಡಿ, ಹೌದಾದರೆ ಅದೇ ಸಾಲಿನ ಕೆಲಸದ ಸಂಖ್ಯೆ, ಹಳೆ ಸ್ಥಿತಿ, ಹೊಸ ಸ್ಥಿತಿ, ಸಮಯ ಇಷ್ಟನ್ನೂ ಇತಿಹಾಸದ ಹಾಳೆಯ ಕೊನೆಗೆ ಸೇರಿಸುವುದು ಅದರ ಕೆಲಸ. ಹತ್ತು ಹದಿನೈದು ಸಾಲಿನಲ್ಲಿ ಮುಗಿಯುತ್ತದೆ. ಕೈಕೊಡುವುದು ಹೀಗೆ: ಒಂದೇ ಸಲ ಇಪ್ಪತ್ತು ಕೋಶಗಳಿಗೆ ‘ಮುಗಿದಿದೆ’ ಎಂದು ಪೇಸ್ಟ್ ಮಾಡಿದರೆ ಹಳೆ ಸ್ಥಿತಿ ಸ್ಕ್ರಿಪ್ಟ್‌ಗೆ ಸಿಗುವುದಿಲ್ಲ. ಅದು ಒಂದೊಂದೇ ಕೋಶ ತಿದ್ದಿದಾಗ ಮಾತ್ರ ಬರುತ್ತದೆ. ಆದ್ದರಿಂದ ಬದಲಾದ ವ್ಯಾಪ್ತಿಯ ಪ್ರತಿ ಸಾಲನ್ನೂ ಸುತ್ತಿ, ಹಳೆ ಸ್ಥಿತಿಯನ್ನು ಇತಿಹಾಸದ ಹಾಳೆಯಲ್ಲಿ ಆ ಕೆಲಸದ ಕೊನೆಯ ಸಾಲಿನಿಂದ ತೆಗೆದುಕೊಳ್ಳುವಂತೆ ಬರೆಯಬೇಕು. ಸೂತ್ರದಿಂದ ಬದಲಾದ ಸ್ಥಿತಿಯಾಗಲಿ, ಬೇರೊಂದು ಸ್ಕ್ರಿಪ್ಟ್ ತುಂಬಿದ ಸ್ಥಿತಿಯಾಗಲಿ ‘ಆನ್‌ಎಡಿಟ್’ ಗಮನಕ್ಕೆ ಬರುವುದಿಲ್ಲ. ಯಾರು ತಿದ್ದಿದರು ಎಂಬ ಇಮೇಲ್ ಕೂಡ ಒಂದೇ ಸಂಸ್ಥೆಯ ಖಾತೆಗಳಲ್ಲದಿದ್ದರೆ ಖಾಲಿ ಬರಬಹುದು. ಸಾದಾ ಜಿಮೇಲ್ ಖಾತೆಗಳಲ್ಲಿ ಕೆಲಸ ಮಾಡುವ ತಂಡಗಳು ‘ದಾಖಲಿಸಿದವರು’ ಎಂಬುದನ್ನು ಆಯ್ಕೆಯ ಪಟ್ಟಿಯಾಗಿಯೇ ಇಟ್ಟುಕೊಳ್ಳುವುದು ಒಳ್ಳೆಯದು. ಇತಿಹಾಸದ ಹಾಳೆಗೆ ಬೀಗ ಹಾಕಿದರೆ ಇನ್ನೊಂದು ತೊಡಕು. ‘ಆನ್‌ಎಡಿಟ್’ನಂಥ ಸರಳ ಟ್ರಿಗರ್, ಅಂದರೆ ತಿದ್ದಿದ ಕೂಡಲೇ ತಾನಾಗಿ ಓಡುವ ಕಾರ್ಯಕ್ರಮ, ತಿದ್ದಿದವರ ಹಕ್ಕಿನಲ್ಲೇ ಓಡುವುದರಿಂದ ಅವರಿಗೆ ಆ ಹಾಳೆಯಲ್ಲಿ ಬರೆಯುವ ಹಕ್ಕಿಲ್ಲದಿದ್ದರೆ ಸಾಲು ಸೇರುವುದಿಲ್ಲ, ದೋಷವೂ ಪರದೆಯ ಮೇಲೆ ಕಾಣುವುದಿಲ್ಲ. ಆಗ ಹಾಳೆಯ ಮಾಲೀಕರು ತಮ್ಮ ಖಾತೆಯಿಂದ ‘ಇನ್‌ಸ್ಟಾಲಬಲ್’ ಟ್ರಿಗರ್ ಕೂರಿಸಬೇಕು, ಅದು ಕೂರಿಸಿದವರ ಹಕ್ಕಿನಲ್ಲಿ ಓಡುತ್ತದೆ.

ಎಕ್ಸೆಲ್‌ನಲ್ಲಿ ಇದೇ ಕೆಲಸವನ್ನು ಮ್ಯಾಕ್ರೊ ಎಂಬ ಪುಟ್ಟ ಕಾರ್ಯಕ್ರಮ ಮಾಡುತ್ತದೆ. ಮ್ಯಾಕ್ರೊ ಬರೆದ ಹಾಳೆಯಲ್ಲಿ ‘ಅನ್‌ಡೂ’ ಕೆಲಸ ಮಾಡದಾಗುತ್ತದೆ, ಮತ್ತು ಅದೇ ಕಡತವನ್ನು ಮೊಬೈಲ್‌ನಲ್ಲೋ ಬ್ರೌಸರ್‌ನಲ್ಲೋ ತೆರೆದು ತಿದ್ದಿದರೆ ಮ್ಯಾಕ್ರೊ ಓಡುವುದೇ ಇಲ್ಲ. ಸೈಟ್‌ನಿಂದ ಫೋನ್‌ನಲ್ಲಿ ತಿದ್ದುವವರಿರುವ ಕಡೆ ಎಕ್ಸೆಲ್ ಮ್ಯಾಕ್ರೊವನ್ನು ನಂಬುವಂತಿಲ್ಲ.

ದಿನಾಂಕ ದಾಖಲಾದ ಮಾತ್ರಕ್ಕೆ ಸರಿಯಾಗಿದೆ ಎಂದೂ ಅಲ್ಲ. ಹಾಳೆಯ ಲೊಕೇಲ್, ಅಂದರೆ ಯಾವ ದೇಶದ ರೀತಿಯಲ್ಲಿ ದಿನಾಂಕ ಓದಬೇಕೆಂಬ ಸೆಟ್ಟಿಂಗ್, ಅಮೆರಿಕದ್ದಾಗಿದ್ದರೆ 05/06 ಎಂದು ನಾವು ಬರೆದ ಜೂನ್ 5 ಅದಕ್ಕೆ ಮೇ 6. 23/06/2025 ಎಂದರೆ 23ನೇ ತಿಂಗಳು ಇಲ್ಲವಾದ್ದರಿಂದ ಅದು ದಿನಾಂಕವೇ ಅಲ್ಲದೆ ಬರಿಯ ಅಕ್ಷರವಾಗಿ ಎಡಕ್ಕೆ ಅಂಟಿ ಕೂರುತ್ತದೆ. ಹೀಗೆ ತಿಂಗಳ ಮೊದಲ 12 ದಿನಗಳು ತಲೆಕೆಳಗು, ಉಳಿದವು ಲೆಕ್ಕಕ್ಕೇ ಇಲ್ಲ. ಲೊಕೇಲ್ ಅನ್ನು ಭಾರತಕ್ಕೆ ಬದಲಿಸಿ, ಬರೆಯುವಾಗ 2025-06-23 ರೀತಿ ವರ್ಷ ಮೊದಲು ಬರೆದರೆ ಗೊಂದಲ ಇರುವುದಿಲ್ಲ.

ಸಮಯ ವಲಯದ ತೊಂದರೆ ಇನ್ನೂ ಸೂಕ್ಷ್ಮ. ಬಹುತೇಕ ತಂತ್ರಾಂಶಗಳು ಒಳಗೆ ಯುಟಿಸಿ ಎಂಬ ಜಾಗತಿಕ ಪ್ರಮಾಣಿತ ಸಮಯವನ್ನು ಇಟ್ಟುಕೊಳ್ಳುತ್ತವೆ, ನಮ್ಮದು ಅದಕ್ಕಿಂತ ಐದೂವರೆ ಗಂಟೆ ಮುಂದೆ. ಪರದೆಯ ಮೇಲೆ ಸರಿಯಾಗಿ ಕಂಡದ್ದು ಡೇಟಾ ಇಳಿಸಿಕೊಂಡಾಗ ಯುಟಿಸಿಯಲ್ಲೇ ಬರಬಹುದು. ನಡುರಾತ್ರಿಯಿಂದ ಬೆಳಗಿನ 5.30ರ ಒಳಗೆ ಆದ ಬದಲಾವಣೆಗಳೆಲ್ಲ ಆಗ ಹಿಂದಿನ ದಿನದ ಲೆಕ್ಕಕ್ಕೆ ಬೀಳುತ್ತವೆ. ರಾತ್ರಿ ಹೊತ್ತು ಯಾರು ಸ್ಟೇಟಸ್ ಬದಲಿಸುತ್ತಾರೆ ಎಂದು ಕೇಳುವವರು ಮಾರ್ಚ್ ಕೊನೆಯಲ್ಲಿ ಯಾವುದಾದರೂ ಬಿಲ್ ವಿಭಾಗದ ಕಿಟಕಿಯ ದೀಪ ನೋಡಬೇಕು. ಏಪ್ರಿಲ್ 1ರ ಬೆಳಗಿನ ಜಾವ 12.30ಕ್ಕೆ ಒತ್ತಿದ್ದು ಯುಟಿಸಿಯಲ್ಲಿ ಮಾರ್ಚ್ 31ರ ಸಂಜೆ 7. ದಿನ ಒಂದೇ ತಪ್ಪಿದರೂ ಹಣಕಾಸು ವರ್ಷವೇ ತಪ್ಪಿತು. ಗೂಗಲ್ ಶೀಟ್‌ನಲ್ಲಂತೂ ಹಾಳೆಗೊಂದು ವಲಯ, ಸ್ಕ್ರಿಪ್ಟ್‌ಗೊಂದು ವಲಯ ಬೇರೆಬೇರೆ ಇರುತ್ತವೆ, ಎರಡನ್ನೂ ಭಾರತಕ್ಕೆ ಹೊಂದಿಸಬೇಕು.

ಕೆಲಸದ ದಿನಗಳನ್ನಷ್ಟೇ ಎಣಿಸುವವರು ‘ನೆಟ್‌ವರ್ಕ್‌ಡೇಸ್’ ಸೂತ್ರವನ್ನು ಹಾಗೇ ಬಳಸಬಾರದು. ಅದು ಎಲ್ಲ ಶನಿವಾರಗಳನ್ನೂ ರಜೆ ಎಂದುಕೊಳ್ಳುತ್ತದೆ. ನಮ್ಮ ಸರ್ಕಾರಿ ಕಚೇರಿಗಳಿಗೆ ರಜೆ ಎರಡನೇ ಮತ್ತು ನಾಲ್ಕನೇ ಶನಿವಾರ ಮಾತ್ರ. ‘ನೆಟ್‌ವರ್ಕ್‌ಡೇಸ್ ಇಂಟ್ಲ್’ ಬಳಸಿ, ವಾರದ ರಜೆಗೆ 11 ಎಂಬ ಸಂಕೇತ ಕೊಟ್ಟರೆ ಭಾನುವಾರ ಮಾತ್ರ ಬಿಡುತ್ತದೆ. ಆ ಎರಡು ಶನಿವಾರಗಳನ್ನು ಹಬ್ಬದ ರಜೆಗಳ ಪಟ್ಟಿಗೇ ಸೇರಿಸಿಬಿಡಿ. ಈ ಸೂತ್ರ ಮೊದಲ ದಿನ, ಕೊನೆಯ ದಿನ ಎರಡನ್ನೂ ಎಣಿಸುವುದರಿಂದ ಪ್ರತಿ ಹಂತದಲ್ಲೂ ಒಂದು ಕಳೆಯಬೇಕು, ಇಲ್ಲದಿದ್ದರೆ ಏಳು ಹಂತದ ಕೆಲಸದಲ್ಲಿ ಒಂದು ವಾರ ಸುಮ್ಮನೆ ಹುಟ್ಟಿಕೊಳ್ಳುತ್ತದೆ.

ಸ್ಥಳದಲ್ಲಿ ನಡೆದ ದಿನ ಮತ್ತು ದಾಖಲಿಸಿದ ದಿನ ಎಂದು ಎರಡು ಕಾಲಂ ಯಾಕೆ ಎಂದು ಕೆಲವರಿಗೆ ಅನ್ನಿಸಬಹುದು. ಜಿಲ್ಲೆಯ ಅಭಿವೃದ್ಧಿ ಕೆಲಸಗಳ ಪ್ರಗತಿ ನೋಡುವ ಕೆಡಿಪಿ ಸಭೆಯ ಹಿಂದಿನ ಸಂಜೆ ಏನಾಗುತ್ತದೆ ಎಂಬುದು ಕಚೇರಿ ಬಲ್ಲವರಿಗೆಲ್ಲ ಗೊತ್ತು. ತಿಂಗಳಿಡೀ ಅಲುಗಾಡದ ಸ್ಥಿತಿಗಳೆಲ್ಲ ಒಂದೇ ಗಂಟೆಯಲ್ಲಿ ಮುಂದಕ್ಕೆ ಜಿಗಿಯುತ್ತವೆ. ತಂತ್ರಾಂಶ ತಾನಾಗಿ ಹಾಕುವ ಸಮಯ ಒಂದೇ ಇದ್ದರೆ ಎಲ್ಲ ಕೆಲಸವೂ ಅದೇ ಸಂಜೆ ನಡೆದಂತೆ ಕಾಣುತ್ತದೆ. ಕೈಯಿಂದ ತುಂಬುವ ದಿನ ಒಂದೇ ಇದ್ದರೆ ಅದನ್ನು ಹಿಂದಕ್ಕೆ ಹಾಕುವುದು ಸಲೀಸು. ಎರಡೂ ಇದ್ದಾಗ ನಡುವಿನ ಅಂತರವೇ ಒಂದು ಮಾಹಿತಿ. ಎರಡು ಮೂರು ದಿನ ಇದ್ದರೆ ಸಹಜ, ಇಪ್ಪತ್ತೈದು ದಿನ ಇದ್ದರೆ ಎಂ.ಬಿ.ಯ ದಿನಾಂಕದ ಜೊತೆ ತಾಳೆ ನೋಡಬೇಕು.

ಇನ್ನು ಅಂಕಿಗಳನ್ನು ಓದುವವರಿಗೆ, ಅಂದರೆ ನಿಮ್ಮ ವರದಿಗಾರರಿಗೂ, ಎರಡು ಮಾತು. ‘ಕೆಲಸ ಮುಗಿಯಲು ಸರಾಸರಿ 30 ದಿನ’ ಎಂದು ಯಾರಾದರೂ ಹೇಳಿದರೆ ಅದು ಮುಗಿದ ಕೆಲಸಗಳ ಸರಾಸರಿ ಮಾತ್ರ. ಹತ್ತರಲ್ಲಿ ಆರು ಒಂದು ತಿಂಗಳಲ್ಲಿ ಮುಗಿದು ನಾಲ್ಕು 300 ದಿನದಿಂದ ನಿಂತಿದ್ದರೂ ಸರಾಸರಿ 30 ದಿನವೇ, ನಿಂತವು ಲೆಕ್ಕಕ್ಕೆ ಬಂದಿರುವುದಿಲ್ಲ. ಅವು ಮುಗಿದ ತಿಂಗಳು ಸರಾಸರಿ ಏಕಾಏಕಿ ಏರಿ, ಪಾಪ, ಮುಗಿಸಿದವರೇ ಬೈಸಿಕೊಳ್ಳುತ್ತಾರೆ. ತೆರೆದಿರುವ ಕೆಲಸಗಳ ವಯಸ್ಸನ್ನು ಬೇರೆಯಾಗಿಯೇ ಕೇಳಬೇಕು, ಅದರಲ್ಲೂ ಅತಿ ಹಳೆಯದು ಯಾವುದು ಎಂದು. ಎರಡನೆಯದು, ‘ಈ ಸ್ಥಿತಿಯಲ್ಲಿ ಎಷ್ಟು ದಿನದಿಂದ ಇದೆ’ ಎಂಬ ಅಂಕಿಯೊಂದನ್ನೇ ಹಿಡಿದರೆ ಗಡಿಯಾರವನ್ನು ಸೊನ್ನೆಗೆ ತರುವುದು ಎಲ್ಲರಿಗೂ ಗೊತ್ತಾಗಿಬಿಡುತ್ತದೆ. ‘ತಡೆ’ಯಿಂದ ‘ಪ್ರಗತಿ’ಗೆ ಒತ್ತಿ, ಮಾರನೆಯ ದಿನ ಮತ್ತೆ ‘ತಡೆ’ಗೆ ಒತ್ತಿದರೆ ಆಯಿತು. ಅದಕ್ಕೇ ಕೊನೆಯ ಸಾಲನ್ನಷ್ಟೇ ನೋಡದೆ ಆ ಸ್ಥಿತಿಯಲ್ಲಿ ಕಳೆದ ಎಲ್ಲ ದಿನಗಳನ್ನೂ ಕೂಡಿಸಬೇಕು.

ಇತಿಹಾಸವೇ ಇಲ್ಲದ ಹಳೆಯ ಪಟ್ಟಿ ಇದ್ದವರು ನೆನಪಿನಿಂದ ದಿನಾಂಕ ತುಂಬಲು ಹೋಗಬೇಡಿ, ತುಂಬಲೇಬೇಕಾದರೆ ‘ಅಂದಾಜು’ ಎಂದು ಷರಾ ಬರೆಯಿರಿ. ಇವತ್ತಿನಿಂದ ದಿನಕ್ಕೊಮ್ಮೆ ಕೆಲಸದ ಸಂಖ್ಯೆ ಮತ್ತು ಸ್ಥಿತಿ ಎರಡೇ ಕಾಲಂ ನಕಲು ಮಾಡಿ ದಿನಾಂಕದ ಹೆಸರಿನಲ್ಲಿ ಇಟ್ಟರೂ ಸಾಕು. ಎರಡು ನಕಲುಗಳನ್ನು ಹೋಲಿಸಿದರೆ ನಡುವೆ ಏನು ಬದಲಾಯಿತೆಂದು ತಿಳಿಯುತ್ತದೆ. ವಾರಕ್ಕೊಮ್ಮೆ ಮಾಡಿದರೆ ಏಳು ದಿನದಷ್ಟು ಅನಿಶ್ಚಿತತೆ ಉಳಿಯುತ್ತದೆ, ನಡುವೆ ಹೋಗಿ ಮರಳಿದ ಸ್ಥಿತಿ ಸಿಕ್ಕುವುದಿಲ್ಲ.

ಸರ್ಕಾರಕ್ಕೆ ಇದು ಅಸಾಧ್ಯವೇನಲ್ಲ. 2011ರ ಕಾಯ್ದೆಯಿಂದ ಬಂದ ‘ಸಕಾಲ’ದಲ್ಲಿ ಅರ್ಜಿಗೆ 15 ಅಂಕಿಯ ಜಿಎಸ್‌ಸಿ ಸಂಖ್ಯೆ, ಪ್ರತಿ ಸೇವೆಗೂ ಗೊತ್ತುಪಡಿಸಿದ ದಿನಗಳು, ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ ಎಂದು ದಿನದ ಲೆಕ್ಕವನ್ನೇ ಆಧಾರ ಮಾಡಿಕೊಂಡಿದ್ದಾರೆ. ಒಂದು ಜಾತಿ ಪ್ರಮಾಣಪತ್ರಕ್ಕೆ ಇರುವ ದಿನದ ಲೆಕ್ಕ ಕೋಟಿಗಟ್ಟಲೆಯ ರಸ್ತೆಗೆ ಇಲ್ಲದಿರುವುದು ವಿಚಿತ್ರ. ಜಿಲ್ಲೆಯ ಕಾಮಗಾರಿ ಪಟ್ಟಿಗಳನ್ನು ಪ್ರಕಟಿಸುವಾಗ ಪ್ರತಿ ಕೆಲಸದ ಸ್ಥಿತಿಯ ಪಕ್ಕದಲ್ಲಿ ‘ಇಂದಿನಿಂದ ಎಷ್ಟು ದಿನ ಹಿಂದೆ’ ಎಂಬ ಒಂದು ಕಾಲಂ ಸೇರಿಸುವಂತೆ ಜಿಲ್ಲಾಡಳಿತವನ್ನು ಕೇಳಬೇಕು. ಪತ್ರಿಕೆಯೂ ಪಟ್ಟಿ ಕೈಗೆ ಬಂದಾಗ ಆ ಕಾಲಂ ಇಲ್ಲದೆ ಅಚ್ಚು ಹಾಕಬಾರದು ಎಂಬುದು ನನ್ನ ಕೋರಿಕೆ.

ಓದುಗರು ತಾವೇ ಕೇಳುವುದಾದರೆ ಮಾಹಿತಿ ಹಕ್ಕು ಕಾಯ್ದೆ 2005ರ ಅಡಿ ಕಂಪ್ಯೂಟರ್‌ನಲ್ಲಿರುವ ದಾಖಲೆಯ ಮುದ್ರಿತ ಪ್ರತಿಯನ್ನೋ ವಿದ್ಯುನ್ಮಾನ ಪ್ರತಿಯನ್ನೋ ಪಡೆಯಬಹುದು. ಅರ್ಜಿ ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ನಮ್ಮ ರಾಜ್ಯದ ನಿಯಮದಲ್ಲಿ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ 150 ಪದಗಳೊಳಗೆ ಇರಬೇಕು. ‘ಕಾಮಗಾರಿ ಯಾಕೆ ತಡವಾಗಿದೆ’ ಎಂದು ಕೇಳಬೇಡಿ, ಕಾರಣ ವಿವರಿಸಿ ಎಂದರೆ ಅದು ದಾಖಲೆಯಲ್ಲ ಎಂದು ಅರ್ಜಿ ವಾಪಸ್ ಬರುತ್ತದೆ. ಹೀಗೆ ಬರೆಯಿರಿ: ‘ಇಂಥ ಸಂಖ್ಯೆಯ ಕಾಮಗಾರಿಗೆ ಸಂಬಂಧಿಸಿದಂತೆ ತಮ್ಮ ಕಚೇರಿಯ ತಂತ್ರಾಂಶದಲ್ಲಿ ಕಾರ್ಯಾದೇಶದ ದಿನದಿಂದ ಇಂದಿನವರೆಗೆ ದಾಖಲಾಗಿರುವ ಎಲ್ಲ ಸ್ಥಿತಿ ಬದಲಾವಣೆಗಳ, ಅಂದರೆ ಹಿಂದಿನ ಸ್ಥಿತಿ, ಹೊಸ ಸ್ಥಿತಿ, ದಿನಾಂಕ ಮತ್ತು ಸಮಯ, ಬದಲಿಸಿದವರ ಹುದ್ದೆ ಇವುಗಳ ಪ್ರತಿ, ಹಾಗೂ ಅದೇ ಅವಧಿಯ ಅಳತೆ ಪುಸ್ತಕದ ಪುಟಗಳ ದೃಢೀಕೃತ ಪ್ರತಿ ನೀಡಬೇಕು.’ ಅಂಥ ಇತಿಹಾಸ ಇಟ್ಟಿಲ್ಲ ಎಂಬ ಉತ್ತರ ಬಂದರೆ ಅದನ್ನೂ ಜೋಪಾನವಾಗಿ ಇಟ್ಟುಕೊಳ್ಳಿ, ಮುಂದಿನ ವಾರ್ಡ್ ಸಭೆಯಲ್ಲಿ ಕೈಗೆ ಬರುತ್ತದೆ.

ಇಂತಿ,
ಒಬ್ಬ ಓದುಗ
ವಿದ್ಯಾನಗರ, ದಾವಣಗೆರೆ